ಹದ್ದಿನ ಲೆಕ್ಕಕ್ಕೆ ಒಂದು ಪೈಸೆ

ಗೋಳಗುಮ್ಮಟದ ಎತ್ತರ ಸುಮಾರು 51 ಮೀಟರ್. ಮೂರೂವರೆ ಶತಮಾನದಿಂದ ವಿಜಯಪುರದ ಬಯಲಿನಲ್ಲಿ ದೂರದಿಂದ ಬರುವವರ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಅದೇ. ಈಗ ಟಿಕೋಟಾ, ಬಬಲೇಶ್ವರ ಕಡೆ ಹೊರಟರೆ ದ್ರಾಕ್ಷಿ ಪಡಗಳ ಆಚೆ, ಒಣದ್ರಾಕ್ಷಿ ಶೆಡ್ಡುಗಳ ಆಚೆ ಗಾಳಿಯಂತ್ರಗಳು ನಿಂತಿರುತ್ತವೆ. ಊರವರ ಬಾಯಲ್ಲಿ ಅವು ಬರೀ ಫ್ಯಾನು. ಇತ್ತೀಚೆಗೆ ನಿಲ್ಲಿಸುತ್ತಿರುವ ದೊಡ್ಡ ಯಂತ್ರಗಳಲ್ಲಿ ಒಂದೊಂದು ಬ್ಲೇಡೇ 60 ಮೀಟರ್ ಆಸುಪಾಸು ಇರುತ್ತದೆ. ಅಂಥದ್ದೊಂದನ್ನು ಕಳಚಿ ಗುಮ್ಮಟದ ಪಕ್ಕ ನೆಟ್ಟಗೆ ನಿಲ್ಲಿಸಿದರೆ ಅದರ ತುದಿ ಗುಮ್ಮಟದ ನೆತ್ತಿಯನ್ನು ದಾಟುತ್ತದೆ.

ಇಂಥ ಮೂರು ಬ್ಲೇಡುಗಳು ಸುತ್ತಿದಾಗ ಆಕಾಶದಲ್ಲಿ ಸವರುವ ಜಾಗ ಸುಮಾರು 11,300 ಚದರ ಮೀಟರ್. ರೈತರ ಲೆಕ್ಕದಲ್ಲಿ ಹೇಳುವುದಾದರೆ 2 ಎಕರೆ 32 ಗುಂಟೆ. ನೆಲದಿಂದ ನೋಡುವವರಿಗೆ ಅದು ಬಲು ನಿಧಾನವಾಗಿ ತಿರುಗಿದಂತೆ ಕಾಣುತ್ತದೆ. ಐದು ಸೆಕೆಂಡಿಗೆ ಒಂದು ಸುತ್ತು ಎಂದರೆ ಏನು ಮಹಾ ಅನಿಸುತ್ತದೆ. ಆದರೆ ಬ್ಲೇಡಿನ ತುದಿ ಆ ಐದು ಸೆಕೆಂಡಿನಲ್ಲಿ 377 ಮೀಟರ್ ಓಡಬೇಕು. ಗುಣಿಸಿ ನೋಡಿದರೆ ಗಂಟೆಗೆ 270 ಕಿಲೋಮೀಟರ್ ವೇಗ. ಆ ಎರಡೂಮುಕ್ಕಾಲು ಎಕರೆಯ ಯಾವುದೇ ಬಿಂದುವಿನಲ್ಲಿ ಎರಡು ಸೆಕೆಂಡು ತುಂಬುವ ಮೊದಲೇ ಒಂದು ಬ್ಲೇಡು ಹಾದುಹೋಗುತ್ತದೆ.

ಅದೇ ಆಕಾಶದಲ್ಲಿ ಬೇಟೆಹಕ್ಕಿಗೂ ಕೆಲಸವಿದೆ. ಮಡ್ಡಿ ಭೂಮಿಯ ಮೇಲೆ ಹಾವು ಹಿಡಿದು ತಿನ್ನುವ ಗಿಡುಗ ಹೇಗೆ ಬೇಟೆಯಾಡುತ್ತದೆ ನೋಡಿ. ಗಾಳಿಗೆ ಎದುರಾಗಿ ರೆಕ್ಕೆ ಅಗಲಿಸಿ, ಇದ್ದಲ್ಲೇ ತೂಗುತ್ತ ನಿಲ್ಲುತ್ತದೆ. ಮೈ ಗಾಳಿಯಲ್ಲಿ ಅತ್ತಿತ್ತ ಓಲಾಡಿದರೂ ತಲೆ ಮಾತ್ರ ಮೊಳೆ ಹೊಡೆದಂತೆ ಸ್ಥಿರ. ಕಣ್ಣು ಪೂರಾ ಕೆಳಗೆ, ಹುಲ್ಲಿನ ಬುಡದಲ್ಲಿ ಏನು ಸರಿಯುತ್ತಿದೆ ಎಂಬ ಕಡೆಗೆ. ಹೀಗೆ ನಿಲ್ಲಲು ಅದಕ್ಕೆ ಒಳ್ಳೆಯ ಗಾಳಿ ಬೇಕು, ದಿಬ್ಬದ ಅಂಚಿನಲ್ಲಿ ಮೇಲೇಳುವ ಗಾಳಿಯಾದರೆ ಇನ್ನೂ ಚೆನ್ನ. ಗಾಳಿಯಂತ್ರ ನಿಲ್ಲಿಸುವ ಎಂಜಿನಿಯರು ಹುಡುಕುವುದೂ ಅಂಥದೇ ದಿಬ್ಬವನ್ನು. ಜಗಳದ ಬುಡ ಇಲ್ಲಿದೆ.

ಹದ್ದಿನ ಕಣ್ಣು ಎಂದು ಹೊಗಳುವ ನಮಗೆ, ಅಷ್ಟು ದೊಡ್ಡ ಯಂತ್ರ ಅದಕ್ಕೆ ಕಾಣುವುದಿಲ್ಲವೇ ಎಂದು ಕೇಳುವ ಹಕ್ಕಿದೆ. ಬ್ರಿಟನ್ನಿನ ಗ್ರಹಾಂ ಮಾರ್ಟಿನ್ ಮತ್ತು ಜೊತೆಗಾರರು 2012ರಲ್ಲಿ ರಣಹದ್ದುಗಳ ದೃಷ್ಟಿಕ್ಷೇತ್ರವನ್ನು ಅಳೆದು ಉತ್ತರ ಕೊಟ್ಟರು. ಈ ಹಕ್ಕಿಗಳ ತಲೆಯ ಮೇಲ್ಭಾಗದಲ್ಲಿ ದೊಡ್ಡ ಕುರುಡು ವಲಯವಿದೆ. ಹುಬ್ಬಿನಂಥ ಮೂಳೆಯ ಚಾಚು ಬಿಸಿಲನ್ನು ತಡೆಯುತ್ತದೆ, ಜೊತೆಗೆ ನೋಟವನ್ನೂ ತಡೆಯುತ್ತದೆ. ತಲೆ ತಗ್ಗಿಸಿ ನೆಲ ನೋಡುತ್ತ ಹಾರುವಾಗ ಆ ಕುರುಡು ವಲಯ ನೇರ ಮುಂದಕ್ಕೆ ತಿರುಗುತ್ತದೆ. ಲಕ್ಷಾಂತರ ವರ್ಷ ಆಕಾಶದಲ್ಲಿ ಎದುರಿಗೆ ಏನೂ ಅಡ್ಡ ಬರುತ್ತಿರಲಿಲ್ಲ, ಹಾಗಾಗಿ ಮುಂದೆ ನೋಡುವ ಅಗತ್ಯವೂ ಇರಲಿಲ್ಲ. ಇನ್ನೊಂದು ತೊಡಕನ್ನು ಅಮೆರಿಕದ ವಿಲಿಯಂ ಹೋಡೋಸ್ ಪ್ರಯೋಗಾಲಯದಲ್ಲಿ ತೋರಿಸಿದರು. ಬ್ಲೇಡಿನ ತುದಿ ತೀರ ಹತ್ತಿರದಿಂದ ಹಾದಾಗ ಅದರ ಬಿಂಬ ಅಕ್ಷಿಪಟಲದ ಮೇಲೆ ಎಷ್ಟು ಬೇಗ ಓಡುತ್ತದೆಂದರೆ, ಮನೆಯ ಫ್ಯಾನು ಜೋರಾಗಿ ತಿರುಗುವಾಗ ಅದರ ರೆಕ್ಕೆಗಳು ನಮಗೆ ಹೇಗೆ ಕರಗಿಹೋಗುತ್ತವೋ ಹಾಗೆ ಬ್ಲೇಡು ಕರಗಿಹೋಗುತ್ತದೆ. ಹಕ್ಕಿ ದೂರದಲ್ಲಿದ್ದಾಗ ಬ್ಲೇಡು ಕಾಣುತ್ತದೆ. ಹತ್ತಿರ ಬಂದಷ್ಟೂ ಮಾಯವಾಗುತ್ತದೆ.

ಹಾಗೆಂದು ಎಲ್ಲ ಬೇಟೆಹಕ್ಕಿಗಳಿಗೂ ಒಂದೇ ಅಪಾಯವಿಲ್ಲ. ಚಳಿಗಾಲದಲ್ಲಿ ಕಜಾಕಸ್ತಾನ, ರಷ್ಯಾಗಳ ಹುಲ್ಲುಬಯಲಿನಿಂದ ದಖ್ಖನಕ್ಕೆ ಬರುವ ಸೆಳೆವಗಳು, ಅಂದರೆ ಹ್ಯಾರಿಯರ್‌ಗಳು, ಮಿಡತೆ ಹುಡುಕುತ್ತ ಬೆಳೆಯ ಮೇಲೆ ಆಳೆತ್ತರದಲ್ಲಿ ತೇಲುತ್ತವೆ. ಆಗ ಬ್ಲೇಡು ಅವುಗಳಿಗಿಂತ ಬಹಳ ಮೇಲಿರುತ್ತದೆ. ಅವುಗಳ ಕಷ್ಟ ಬೇರೆ. ರಾತ್ರಿ ಅವು ಮರದಲ್ಲಿ ಕೂರದೆ ಹುಲ್ಲಿನಲ್ಲಿ, ನೆಲದ ಮೇಲೆ ಗುಂಪಾಗಿ ತಂಗುತ್ತವೆ. ಆ ಹುಲ್ಲಿನ ತುಂಡಿನ ನಡುವೆ ಕ್ರೇನು ಸಾಗಲು ರಸ್ತೆ ಬಿದ್ದರೆ ತಂಗುದಾಣ ಹೋಯಿತು. ಬೆಂಗಳೂರಿನ ಏಟ್ರೀ ಸಂಸ್ಥೆಯ ಟಿ. ಗಣೇಶ್ ಮತ್ತು ಪ್ರಶಾಂತ್ ಅವರು ದೇಶದ ತಂಗುದಾಣಗಳಲ್ಲಿ ಮೂವತ್ತು ವರ್ಷಗಳಲ್ಲಿ ನಡೆದ ಎಣಿಕೆಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದಾಗ ಕಂಡದ್ದು ಇಳಿಮುಖದ ಗೆರೆ. ಅದಕ್ಕೆ ಗಾಳಿಯಂತ್ರ ಕಾರಣ ಎಂದು ಯಾರೂ ಹೇಳಿಲ್ಲ, ನಾನೂ ಹೇಳುತ್ತಿಲ್ಲ. ಹುಲ್ಲುಗಾವಲು ಉಳುಮೆಯಾದದ್ದು, ಕೀಟನಾಶಕ, ಬೀದಿನಾಯಿ, ವಿದ್ಯುತ್ ತಂತಿ, ಎಲ್ಲವೂ ಸಾಲಿನಲ್ಲಿವೆ. ಆದರೆ ಮೊದಲೇ ಇಳಿಯುತ್ತಿರುವ ಗೆರೆಯ ಮೇಲೆ ಹೊಸ ಭಾರ ಹೇರುವಾಗ ಅದರ ತೂಕವನ್ನಾದರೂ ತಿಳಿದಿರಬೇಕು.

ಆ ತೂಕವನ್ನು ಅಳೆಯುವ ಒಂದು ಸೊಗಸಾದ ಕೆಲಸ ನಮ್ಮ ಪಕ್ಕದಲ್ಲೇ ನಡೆದಿದೆ. ಆಲಮಟ್ಟಿಗೆ ಬರುವ ಕೃಷ್ಣೆ ಹುಟ್ಟುವ ಸಾತಾರಾ ಜಿಲ್ಲೆಯಲ್ಲಿ ಚಾಳಕೇವಾಡಿ ಎಂಬ ಜಂಬಿಟ್ಟಿಗೆಯ ಪ್ರಸ್ಥಭೂಮಿ ಇದೆ. ವಿಜಯಪುರದಿಂದ ಹದ್ದಿನ ದಾರಿಯಲ್ಲಿ ಇನ್ನೂರು ಕಿಲೋಮೀಟರಿಗೆ ತುಸು ಹೆಚ್ಚು. ಅಲ್ಲಿ ಎರಡು ದಶಕದ ಹಿಂದೆಯೇ ಗಾಳಿಯಂತ್ರಗಳು ಬಂದಿದ್ದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಥಾಕರ್, ಅಮೋದ್ ಝಾಂಬ್ರೆ, ಹರ್ಷಲ್ ಭೋಸಲೆ ಯಂತ್ರಗಳಿರುವ ಜಾಗವನ್ನೂ ಇಲ್ಲದ ಜಾಗವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಯಂತ್ರಗಳಿರುವ ಕಡೆ ಬೇಟೆಹಕ್ಕಿಗಳು ಸುಮಾರು ನಾಲ್ಕು ಪಟ್ಟು ಕಡಿಮೆ. ಇದು ನಿರೀಕ್ಷಿತವೇ. ಅವರು ಅಲ್ಲಿಗೆ ನಿಲ್ಲದೆ ಬೇಟೆಹಕ್ಕಿಯ ಊಟವಾದ ಓತಿಕ್ಯಾತವನ್ನು ಹಿಡಿದು ನೋಡಿದ್ದು ಈ ಅಧ್ಯಯನದ ಹೆಚ್ಚುಗಾರಿಕೆ.

ಆ ಓತಿಕ್ಯಾತದ ಗಂಡಿಗೆ ಗಂಟಲಲ್ಲಿ ನೀಲಿ, ಕಪ್ಪು, ಕಿತ್ತಳೆ ಬಣ್ಣದ ಬೀಸಣಿಗೆ ಇರುತ್ತದೆ. ಹೆಣ್ಣನ್ನು ಕಂಡಾಗ ಬಿಚ್ಚಿ ಬೀಸುತ್ತದೆ. ಹದ್ದಿನ ಹೆದರಿಕೆ ಇಲ್ಲದ ಯಂತ್ರಗಳ ಸುತ್ತ ಓತಿಕ್ಯಾತಗಳ ಸಂಖ್ಯೆ ಏರಿತ್ತು. ರಕ್ತದಲ್ಲಿ ಒತ್ತಡದ ಹಾರ್ಮೋನು ಕಡಿಮೆಯಾಗಿತ್ತು. ಮನುಷ್ಯ ತೀರ ಹತ್ತಿರ ಹೋದರೂ ಓಡುತ್ತಿರಲಿಲ್ಲ. ಸುಖವಾಗಿವೆ ಅನ್ನಬೇಕೆಂದರೆ ಹಾಗೂ ಇಲ್ಲ. ಬಾಯಿ ಹೆಚ್ಚಾಗಿ ಮೇವು ಸಾಲದೆ ಅವು ಬಡಕಲಾಗಿದ್ದವು, ಗಂಡಿನ ಬೀಸಣಿಗೆಯ ಬಣ್ಣವೂ ಮಂಕಾಗಿತ್ತು. ಆಕಾಶದಲ್ಲಿ ನಿಂತ ಒಂದು ಯಂತ್ರ ನೆಲದ ಮೇಲಿನ ಓತಿಕ್ಯಾತದ ಬಣ್ಣವನ್ನು ಬದಲಿಸಿತ್ತು. 2018ರ ಕೊನೆಗೆ ನೇಚರ್ ಬಳಗದ ಪತ್ರಿಕೆಯಲ್ಲಿ ಇದು ಬಂದಾಗ ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ನಮ್ಮ ಹೊಲಗಳಿಗೆ ಇದನ್ನು ಅನ್ವಯಿಸಿದರೆ ಓತಿಕ್ಯಾತದ ಜಾಗದಲ್ಲಿ ಇಲಿಯನ್ನು ಕೂರಿಸಬೇಕು. ಹದ್ದು ಗಿಡುಗಗಳು ದೂರ ಸರಿದ ಕಡೆ ಜೋಳದ ಹೊಲದಲ್ಲಿ ಇಲಿಯ ಬಿಲ ಹೆಚ್ಚುತ್ತದೆಯೇ? ಕೇಳಲೇಬೇಕಾದ ಪ್ರಶ್ನೆ. ಉತ್ತರ ಹುಡುಕಲು ಎರಡು ಹಿಂಗಾರು ಹಂಗಾಮು, ಒಂದು ಜೀಪು, ಮೂರು ನಾಲ್ಕು ಜನ ಸಂಶೋಧಕರು ಸಾಕು. ಅವರ ಸಂಬಳಕ್ಕೆ ದುಡ್ಡು ಬೇಕು.

ದುಡ್ಡಿನ ಮಾತಿಗೆ ಬರುವ ಮೊದಲು ಹೆಣ ಎಣಿಸುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಖರ್ಚಿನ ಬಹುಪಾಲು ಅಲ್ಲೇ ಹೋಗುತ್ತದೆ. ಕೊಯಮತ್ತೂರಿನ ಸಲೀಂ ಅಲಿ ಪಕ್ಷಿವಿಜ್ಞಾನ ಕೇಂದ್ರದ ಸೆಲ್ವರಾಜ್ ರಮೇಶ್ ಕುಮಾರ್, ಪಿ.ಆರ್. ಅರುಣ್ ಮತ್ತು ಸಂಗಡಿಗರು ಗುಜರಾತಿನ ಕಛ್ ಹಾಗೂ ನಮ್ಮ ದಾವಣಗೆರೆಯ ಗಾಳಿಯಂತ್ರಗಳ ಬುಡದಲ್ಲಿ ಹುಡುಕಾಡಿದರು. ಕಛ್‌ನಲ್ಲಿ ಮೂರು ವರ್ಷಕ್ಕೆ 47 ಹೆಣ, ದಾವಣಗೆರೆಯಲ್ಲಿ ಒಂದು ವರ್ಷಕ್ಕೆ 7. ತಿದ್ದುಪಡಿಯ ನಂತರ ಒಂದು ಯಂತ್ರಕ್ಕೆ ವರ್ಷಕ್ಕೆ ಕಛ್‌ನಲ್ಲಿ 0.478, ದಾವಣಗೆರೆಯಲ್ಲಿ 0.466 ಹಕ್ಕಿ ಎಂದು ಅಂದಾಜಾಯಿತು. 2019ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆ ಇದನ್ನು ಪ್ರಕಟಿಸಿತು.

ಯಂತ್ರಕ್ಕೆ ಅರ್ಧ ಹಕ್ಕಿ ಎಂದರೆ ಅಷ್ಟೇನಾ ಅನಿಸಬಹುದು. ಸತ್ತದ್ದು ಪಾರಿವಾಳವಾದರೆ ಅಷ್ಟೇ. ಆದರೆ ದೊಡ್ಡ ಗಿಡುಗಗಳ ಸಂಸಾರ ಬೇರೆ ಥರದ್ದು. ಹಾವು ಹಿಡಿಯುವ ಗಿಡುಗ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿ ಬೆಳೆದು ಜೋಡಿಯಾಗಲು ಮೂರು ನಾಲ್ಕು ವರ್ಷ ಹಿಡಿಯುತ್ತದೆ. ಇಂಥ ಹಕ್ಕಿಯಲ್ಲಿ ತಾಲೂಕಿಗೆ ವರ್ಷಕ್ಕೆ ಒಂದೆರಡು ಹೆಚ್ಚುವರಿ ಸಾವು ಕೂಡ ಲೆಕ್ಕ ತಪ್ಪಿಸಬಲ್ಲದು. ಸರಾಸರಿ ಎಂಬ ಅಂಕಿ ಇದನ್ನು ಮುಚ್ಚಿಡುತ್ತದೆ.

ತಿದ್ದುಪಡಿ ಎಂದೆನಲ್ಲ, ಅದರ ಕಥೆ ಹೀಗೆ. ಬಿದ್ದ ಹಕ್ಕಿಯೆಲ್ಲ ಹುಡುಕುವವನ ಕಣ್ಣಿಗೆ ಬೀಳುವುದಿಲ್ಲ. ನಾಯಿ, ನರಿ, ಮುಂಗುಸಿ ಮೊದಲೇ ಹೊತ್ತೊಯ್ಯುತ್ತವೆ. ಹಾಗಾಗಿ ಸಂಶೋಧಕರು ತಾವೇ ಗುರುತು ಹಾಕಿದ ಸತ್ತ ಕೋಳಿಯನ್ನೋ ಲಾವಕ್ಕಿಯನ್ನೋ ಯಂತ್ರದ ಸುತ್ತ ಗುಟ್ಟಾಗಿ ಇಟ್ಟು, ಹುಡುಕುವವರು ಎಷ್ಟನ್ನು ಪತ್ತೆ ಮಾಡುತ್ತಾರೆ, ಎಷ್ಟು ದಿನಕ್ಕೆ ಎಷ್ಟು ಕಾಣೆಯಾಗುತ್ತವೆ ಎಂದು ನೋಡುತ್ತಾರೆ. ಅರ್ಧದಷ್ಟನ್ನು ಪ್ರಾಣಿಗಳು ಎಳೆದೊಯ್ದಿವೆ, ಉಳಿದದ್ದರಲ್ಲಿ ಅರ್ಧ ಮಾತ್ರ ಕಣ್ಣಿಗೆ ಬಿದ್ದಿದೆ ಎಂದುಕೊಳ್ಳಿ. ಆಗ ಸಿಕ್ಕ 4 ಹೆಣದ ಹಿಂದೆ 16 ಸಾವುಗಳಿವೆ. ಈ ಗುಣಕ ಊರಿಂದೂರಿಗೆ, ಬೆಳೆಯಿಂದ ಬೆಳೆಗೆ ಬದಲಾಗುವುದರಿಂದ ಕಛ್‌ನ ಅಂಕಿ ತಂದು ಬಬಲೇಶ್ವರಕ್ಕೆ ಅಂಟಿಸಲಾಗದು.

ವಿಜಯಪುರದ್ದು ಇನ್ನೂ ಕಠಿಣ. ಎರಿ ಹೊಲದಲ್ಲಿ ಹಿಂಗಾರಿ ಬಿಳಿಜೋಳ ಬಿತ್ತುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಡಿಸೆಂಬರ್ ಹೊತ್ತಿಗೆ ಅದು ಆಳುದ್ದ ನಿಲ್ಲುತ್ತದೆ, ಸೀತನಿ ಮುಗಿದು ಕೊಯ್ಲಾಗುವುದು ಫೆಬ್ರುವರಿಯ ಆಚೆಗೆ. ವಲಸೆಯ ಬೇಟೆಹಕ್ಕಿಗಳು ಇಲ್ಲಿರುವುದೂ ಇದೇ ತಿಂಗಳುಗಳಲ್ಲಿ. ಅಂದರೆ ಹೆಣ ಬೀಳುವ ಸಾಧ್ಯತೆ ಹೆಚ್ಚಿರುವಾಗಲೇ ನೆಲ ಕಾಣುವುದಿಲ್ಲ. ಬೆಳೆದು ನಿಂತ ಜೋಳದ ಸಾಲಿನಲ್ಲಿ ವಾರಕ್ಕೊಮ್ಮೆ ಜನ ಓಡಾಡಲು ಯಾವ ರೈತ ಬಿಟ್ಟಾನು? ಯುರೋಪು, ಅಮೆರಿಕಗಳಲ್ಲಿ ವಾಸನೆ ಹಿಡಿಯುವ ನಾಯಿಗಳನ್ನು ಇದಕ್ಕೆಂದೇ ಪಳಗಿಸಿದ್ದಾರೆ. ಇಲ್ಲಿ ನಾಯಿಗಿಂತ ಮೊದಲು ಕುರಿಗಾಹಿಗಳನ್ನೂ ಹೊಲ ಕಾಯುವವರನ್ನೂ ಕೇಳಬೇಕೆಂಬುದು ನನ್ನ ಎಣಿಕೆ. "ಫ್ಯಾನಿನ ಬುಡಕ ಹದ್ದು ಬಿದ್ದಿದ್ದು ಯಾವಾಗರ ನೋಡೀರೇನ್ರಿ?" ಎಂಬ ಒಂದು ಪ್ರಶ್ನೆಯನ್ನು ಇನ್ನೂರು ಮನೆಗಳಲ್ಲಿ ಕೇಳಿ, ಸಿಕ್ಕ ಉತ್ತರವನ್ನು ಯಂತ್ರದ ಸಂಖ್ಯೆಯ ಜೊತೆ ಬರೆದುಕೊಂಡರೆ, ಯಾವ ನಾಲ್ಕು ಯಂತ್ರಗಳ ಸುತ್ತ ಮೊದಲು ಹುಡುಕಬೇಕೆಂಬ ಸುಳಿವು ಸಿಗುತ್ತದೆ. ಆ ಸುಳಿವು ಮುಖ್ಯ, ಏಕೆಂದರೆ ಎಲ್ಲ ಯಂತ್ರಗಳೂ ಒಂದೇ ಸಮ ಕೊಲ್ಲುವುದಿಲ್ಲ.

ಇದು ಸ್ಪೇನಿನ ತಾರೀಫಾದಲ್ಲಿ ಸಾಬೀತಾದ ಮಾತು. ಆಫ್ರಿಕಕ್ಕೆ ದಾಟುವ ಜಲಸಂಧಿಯ ದಂಡೆಯಲ್ಲಿರುವ ಆ ಊರಿನ ಸುತ್ತ 13 ಗಾಳಿ ವಿದ್ಯುತ್ ತಾಣಗಳು, 296 ಯಂತ್ರಗಳು. ಗ್ರಿಫನ್ ರಣಹದ್ದುಗಳು ಬಡಿದು ಸಾಯುತ್ತಿದ್ದವು. ಹೆಚ್ಚಿನ ಸಾವು ಕೆಲವೇ ಯಂತ್ರಗಳ ಬಳಿ ಎಂದು ವರ್ಷಗಟ್ಟಲೆಯ ಎಣಿಕೆ ತೋರಿಸಿತ್ತು. ಅಲ್ಲಿ ತರಬೇತಿ ಪಡೆದ ಕಾವಲುಗಾರರನ್ನು ನಿಲ್ಲಿಸಿದರು. ಹದ್ದುಗಳ ಹಿಂಡು ಹತ್ತಿರ ಬಂದಾಗ ನಿಯಂತ್ರಣ ಕೊಠಡಿಗೆ ಫೋನು, ಆ ಯಂತ್ರ ಮಾತ್ರ ಬಂದ್, ಹದ್ದು ದಾಟಿದ ಮೇಲೆ ಮತ್ತೆ ಚಾಲು. ರಣಹದ್ದುಗಳ ಸಾವು ಅರ್ಧಕ್ಕಿಳಿಯಿತು. ವಿದ್ಯುತ್ ನಷ್ಟ ವರ್ಷಕ್ಕೆ ಶೇ 0.07. ಮ್ಯಾನುಯೆಲಾ ದೆ ಲೂಕಸ್ ಮತ್ತು ಮಿಗೆಲ್ ಫೆರೆರ್ ಅವರ ತಂಡ 2012ರಲ್ಲಿ ಈ ಅಂಕಿಗಳನ್ನು ಪ್ರಕಟಿಸಿತು. ಇಷ್ಟು ಅಗ್ಗದ ಪರಿಹಾರ ಹೊಳೆದದ್ದು ಅದಕ್ಕೂ ಮೊದಲು ಯಾರೋ ವರ್ಷಗಟ್ಟಲೆ ಹೆಣ ಎಣಿಸಿದ್ದರಿಂದ.

ನಾರ್ವೆಯ ಸ್ಮೋಲಾ ದ್ವೀಪದ ಪ್ರಯೋಗದ ಬಗ್ಗೆ ಕನ್ನಡ ಪತ್ರಿಕೆಗಳಲ್ಲೂ ಓದಿರುತ್ತೀರಿ. ಮೂರು ಬ್ಲೇಡುಗಳಲ್ಲಿ ಒಂದಕ್ಕೆ ಕಪ್ಪು ಬಣ್ಣ ಬಳಿದರೆ ಹೋಡೋಸ್ ಹೇಳಿದ ಮಸುಕು ಒಡೆಯುತ್ತದೆ. ಹಕ್ಕಿಗಳ ಸಾವು ಶೇ 71.9ರಷ್ಟು ಇಳಿಯಿತು ಎಂದು 2020ರಲ್ಲಿ ವರದಿಯಾಯಿತು. ಬಣ್ಣ ಬಳಿದದ್ದು ನಾಲ್ಕೇ ಯಂತ್ರಗಳಿಗೆ ಎಂಬುದನ್ನು ಮಾತ್ರ ಸುದ್ದಿಗಳು ನುಂಗಿಬಿಟ್ಟವು. ನಾಲ್ಕು ಯಂತ್ರಗಳ ಮೇಲೆ ನೀತಿ ಕಟ್ಟಲಾಗದು, ಬೇರೆ ದೇಶಗಳಲ್ಲಿ ಮರುಪರೀಕ್ಷೆಗೆ ಕೈಹಾಕಿರುವುದು ಅದಕ್ಕೇ.

ಅಮೆರಿಕದ ಕಥೆಯಲ್ಲಿ ನಮಗೆ ಎರಡು ಪಾಠಗಳಿವೆ. ಕ್ಯಾಲಿಫೋರ್ನಿಯಾದ ಆಲ್ಟಮಾಂಟ್ ಪಾಸ್‌ನಲ್ಲಿ 1980ರ ದಶಕದಲ್ಲಿ ಸಾವಿರಾರು ಪುಟ್ಟ ಯಂತ್ರಗಳು ಎದ್ದವು, ಗೋಲ್ಡನ್ ಈಗಲ್‌ಗಳು ಮೊಲ, ಅಳಿಲು ಹಿಡಿಯುವ ಗುಡ್ಡಗಳ ಮೇಲೆಯೇ. ವರ್ಷಕ್ಕೆ ಸುಮಾರು 67 ಗೋಲ್ಡನ್ ಈಗಲ್ ಸಾಯುತ್ತಿವೆ ಎಂದು 2008ರಲ್ಲಿ ಸ್ಮಾಲ್‌ವುಡ್ ಮತ್ತು ಥೆಲಾಂಡರ್ ಅಂದಾಜಿಸಿದರು. ಅವರ ಸಂಶೋಧನೆಗೆ ಹಣ ಕೊಟ್ಟದ್ದು ರಾಜ್ಯದ ಇಂಧನ ಆಯೋಗ, ಯಂತ್ರದ ಮಾಲೀಕರಲ್ಲ. ಅವರ ಮೊದಲ ಅಂಕಿಗಳು ಸಾರ್ವಜನಿಕವಾದಾಗಲೇ ಹಕ್ಕಿಪ್ರಿಯರ ಸಂಘಗಳು ನ್ಯಾಯಾಲಯದ ಮೆಟ್ಟಿಲೇರಿದ್ದವು. 2010ರಲ್ಲಿ ಅಲ್ಲಿನ ದೊಡ್ಡ ಕಂಪನಿಯೊಂದು ಹಳೆಯ ಯಂತ್ರಗಳನ್ನು ತೆಗೆದು ಕಡಿಮೆ ಸಂಖ್ಯೆಯ ದೊಡ್ಡ ಯಂತ್ರಗಳನ್ನು ಜಾಗ ನೋಡಿ ನಿಲ್ಲಿಸಲು, ಜೊತೆಗೆ ಸಂಶೋಧನೆ ಮತ್ತು ಆವಾಸ ರಕ್ಷಣೆಗೆ 25 ಲಕ್ಷ ಡಾಲರ್ ಕೊಡಲು ಒಪ್ಪಿತು. ಮೊದಲು ಸರ್ಕಾರದ ದುಡ್ಡು, ಅದರಿಂದ ಅಂಕಿ, ಅಂಕಿಯಿಂದ ಕಂಪನಿಯ ದುಡ್ಡು. ಈ ಕ್ರಮ ತಿರುವುಮುರುವಾಗಿದ್ದರೆ ಕೆಲಸ ಆಗುತ್ತಿರಲಿಲ್ಲ ಎಂದು ನನಗನಿಸುತ್ತದೆ.

ಎರಡನೆಯ ಪಾಠ ವಯೋಮಿಂಗ್‌ನದು. ಕ್ಯಾಮೆರಾ ಆಕಾಶ ನೋಡುತ್ತಿರುತ್ತದೆ, ಬರುತ್ತಿರುವುದು ಈಗಲ್ ಎಂದು ಕಂಪ್ಯೂಟರು ಗುರುತಿಸಿದರೆ ಯಂತ್ರ ತಾನಾಗಿ ನಿಧಾನಿಸುತ್ತದೆ. ಸಾವು ಶೇ 82ರಷ್ಟು ಇಳಿಯಿತು ಎಂದು 2021ರಲ್ಲಿ ಒಂದು ಪ್ರಬಂಧ ಹೇಳಿತು. ಜಗತ್ತು ಚಪ್ಪಾಳೆ ತಟ್ಟಿತು. 2023ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಸಂಖ್ಯಾಶಾಸ್ತ್ರಜ್ಞರಾದ ಹುಸೊ ಮತ್ತು ಡಾಲ್ತಾರ್ಪ್ ಅದೇ ದತ್ತಾಂಶವನ್ನು ಮತ್ತೆ ಲೆಕ್ಕ ಹಾಕಿ, ಇಳಿಕೆಗೆ ಗಟ್ಟಿ ಸಾಕ್ಷ್ಯವಿಲ್ಲ ಎಂದರು. ವಾದ ಇನ್ನೂ ಮುಗಿದಿಲ್ಲ. ಕ್ಯಾಮೆರಾ ಕೆಲಸಕ್ಕೆ ಬಾರದು ಎಂದು ನಾನು ಹೇಳುತ್ತಿಲ್ಲ. ದತ್ತಾಂಶ ತೆರೆದಿತ್ತು, ಅದನ್ನು ಮರುಪರಿಶೀಲಿಸಲು ಯಾವ ಕಂಪನಿಯ ಹಂಗೂ ಇಲ್ಲದ ಇಬ್ಬರಿಗೆ ಸಂಬಳ ಕೊಡುವ ಸಂಸ್ಥೆಯಿತ್ತು. ಹಾಗಾಗಿ ತಕರಾರು ಹೊರಬಂತು. ಇಲ್ಲದಿದ್ದರೆ ಆ 82 ಇಷ್ಟರಲ್ಲಿ ನಮ್ಮ ಟೆಂಡರ್ ಕಾಗದಗಳಲ್ಲಿ ಕೂತುಬಿಡುತ್ತಿತ್ತು.

ನಮ್ಮಲ್ಲಿ ಏನಿದೆ? 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ವಿದ್ಯುತ್ ಇಲ್ಲ. ಅರಣ್ಯಭೂಮಿಯಾದರೆ ಬೇರೆ ಅನುಮತಿ ಬೇಕು. ಆದರೆ ಟಿಕೋಟಾ, ಬಬಲೇಶ್ವರದಂಥ ಕಡೆ ರೈತರ ಪಟ್ಟಾ ಜಮೀನನ್ನು ಕೊಂಡೋ ಲೀಸಿಗೆ ಪಡೆದೋ ಯಂತ್ರ ನಿಲ್ಲಿಸುವಾಗ, ಇಲ್ಲಿ ಯಾವ ಹಕ್ಕಿ ಹಾರುತ್ತದೆ ಎಂದು ಆ ಅಧಿಸೂಚನೆ ಕೇಳುವುದಿಲ್ಲ. ಕೇಳುವುದು ಯಾರು ಗೊತ್ತೇ? ಅಂತರರಾಷ್ಟ್ರೀಯ ಹಣಕಾಸು ನಿಗಮ, ಏಷ್ಯಾ ಅಭಿವೃದ್ಧಿ ಬ್ಯಾಂಕಿನಂಥ ಸಾಲದಾತರು. ಅವರ ಸಾಲ ಬೇಕೆಂದರೆ ಜೀವವೈವಿಧ್ಯದ ಅಧ್ಯಯನ ಮಾಡಿಸಲೇಬೇಕು. ಸಾಲ ಎಲ್ಲಿಂದ ಬಂತು ಎಂಬುದರ ಮೇಲೆ ಒಂದು ಮಡ್ಡಿಯ ಹದ್ದಿಗೆ ಲೆಕ್ಕವಿದೆಯೋ ಇಲ್ಲವೋ ಎಂದು ತೀರ್ಮಾನವಾಗುವುದು ವಿಚಿತ್ರ ವ್ಯವಸ್ಥೆ. ಬರ್ಡ್‌ಲೈಫ್ ಇಂಟರ್‌ನ್ಯಾಷನಲ್ 2022ರಲ್ಲಿ ಹೊರತಂದ ಅವಿಸ್ಟೆಪ್ ನಕ್ಷೆಗೂ ಏಷ್ಯಾ ಅಭಿವೃದ್ಧಿ ಬ್ಯಾಂಕೇ ಹಣ ಕೊಟ್ಟಿತು. ಮೊದಲಿಗೆ ಭಾರತವನ್ನೂ ಸೇರಿಸಿ ನಾಲ್ಕು ದೇಶಗಳ ನೆಲವನ್ನು ಚೌಕಗಳಾಗಿ ಸೀಳಿ, ಗಾಳಿಯಂತ್ರದಿಂದ ಹಕ್ಕಿಗಳಿಗೆ ಎಲ್ಲಿ ಅಪಾಯ ಹೆಚ್ಚು ಎಂದು ಅದು ಬಣ್ಣದಲ್ಲಿ ತೋರಿಸುತ್ತದೆ. ಯಾರು ಬೇಕಾದರೂ ತೆರೆದು ನೋಡಬಹುದು. ಒಳ್ಳೆಯ ಕೆಲಸ. ಆದರೆ ಅಂಥ ನಕ್ಷೆಯ ಬಣ್ಣ ಆ ಚೌಕದಲ್ಲಿ ಎಷ್ಟು ಜನ ಹಕ್ಕಿ ನೋಡಿ ಬರೆದಿದ್ದಾರೆ ಎಂಬುದನ್ನೂ ಅವಲಂಬಿಸುತ್ತದೆ. ದುರ್ಬೀನು ಹಿಡಿದವರು ರಂಗನತಿಟ್ಟಿಗೆ ಹೋಗುತ್ತಾರೆ, ಬಿಸಿಲಿನ ಮಡ್ಡಿಗೆ ಕಡಿಮೆ.

ಇಲ್ಲಿ ಗಾಳಿ ವಿದ್ಯುತ್ ಬೇಡವೆಂಬ ವಾದಕ್ಕೆ ನಾನು ಸೇರುವವನಲ್ಲ. ಇದೇ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರವಿದೆ. ಅದರ ಬೂದಿ, ಹೊಗೆಗಳ ಲೆಕ್ಕ ಹಾಕಿದರೆ ಫ್ಯಾನು ಸಾವಿರ ಪಾಲು ಮೇಲು. 2024–25ರಲ್ಲಿ ಹೊಸ ಗಾಳಿ ವಿದ್ಯುತ್ ಸಾಮರ್ಥ್ಯ ಸೇರಿಸಿದ ರಾಜ್ಯಗಳಲ್ಲಿ ಕರ್ನಾಟಕವೇ ಮೊದಲು, 1,331 ಮೆಗಾವಾಟ್. ರಾಜ್ಯದ ಒಟ್ಟು ಸಾಮರ್ಥ್ಯ 7,000 ಮೆಗಾವಾಟ್ ದಾಟಿದೆ. ಇಷ್ಟು ವೇಗದಲ್ಲಿ ಬೆಳೆಯುವ ಉದ್ಯಮಕ್ಕೆ ತನ್ನ ಅಡ್ಡಪರಿಣಾಮ ಅಳೆಯುವ ಖರ್ಚು ಭಾರವಾಗುತ್ತದೆಯೇ ಎಂದು ಒಮ್ಮೆ ಲೆಕ್ಕ ಹಾಕೋಣ.

100 ಮೆಗಾವಾಟ್‌ನ ಒಂದು ತಾಣ ಶೇ 30ರಷ್ಟು ಸಾಮರ್ಥ್ಯದಲ್ಲಿ ನಡೆದರೆ ವರ್ಷಕ್ಕೆ ಸುಮಾರು 26 ಕೋಟಿ ಯೂನಿಟ್ ಉತ್ಪಾದಿಸುತ್ತದೆ. ಯೂನಿಟ್ಟಿಗೆ ಒಂದು ಪೈಸೆ ಎತ್ತಿಟ್ಟರೆ 26 ಲಕ್ಷ ರೂಪಾಯಿ. ಇಬ್ಬರು ಸಂಶೋಧಕರು, ನಾಲ್ವರು ಊರಿನ ಸಹಾಯಕರು, ಒಂದು ಬಾಡಿಗೆ ಗಾಡಿ, ಡೀಸೆಲ್ಲು, ಒಂದೆರಡು ದುರ್ಬೀನು ಇಷ್ಟರಲ್ಲಿ ಬರುತ್ತವೆ. ಇಡೀ ರಾಜ್ಯದ 7,000 ಮೆಗಾವಾಟಿಗೆ ಶೇ 25ರ ಲೆಕ್ಕ ಹಿಡಿದರೂ ಒಂದು ಪೈಸೆ ವರ್ಷಕ್ಕೆ 15 ಕೋಟಿ ರೂಪಾಯಿ ಕೊಡುತ್ತದೆ. ತಾರೀಫಾದಂತೆ ಶೇ 0.07 ವಿದ್ಯುತ್ ಬಿಟ್ಟುಕೊಡಬೇಕಾಗಿ ಬಂದರೆ ನಮ್ಮ 100 ಮೆಗಾವಾಟ್ ತಾಣಕ್ಕೆ 1.8 ಲಕ್ಷ ಯೂನಿಟ್ ನಷ್ಟ. ಯೂನಿಟ್ಟಿಗೆ ಮೂರೂವರೆ ರೂಪಾಯಿಯಂತೆ ಆರೂವರೆ ಲಕ್ಷಕ್ಕಿಂತ ಕಡಿಮೆ.

ಅಳೆಯದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ನಮ್ಮಲ್ಲೇ ಉದಾಹರಣೆಯಿದೆ. ಭರತ್‌ಪುರದಲ್ಲಿ ರಣಹದ್ದುಗಳು ಸಾಯುತ್ತಿವೆ ಎಂದು ವಿಭು ಪ್ರಕಾಶ್ 1990ರ ದಶಕದಲ್ಲೇ ಗುರುತಿಸಿದ್ದರು. ಜಾನುವಾರುಗಳಿಗೆ ಕೊಡುವ ಡೈಕ್ಲೊಫೆನಾಕ್ ನೋವುನಿವಾರಕವೇ ಕಾರಣ ಎಂದು ಪತ್ತೆಯಾಗಿ ಪ್ರಕಟವಾಗಿದ್ದು 2004ರಲ್ಲಿ. ಪಾಕಿಸ್ತಾನದಲ್ಲಿ ನಡೆದ ಆ ಪತ್ತೇದಾರಿಕೆಯ ಹಿಂದೆ ಪೆರೆಗ್ರಿನ್ ಫಂಡ್ ಎಂಬ ಅಮೆರಿಕದ ಬೇಟೆಹಕ್ಕಿ ಸಂಸ್ಥೆಯಿತ್ತು. ಭಾರತದಲ್ಲಿ ನಿಷೇಧ ಬಂದದ್ದು 2006ರಲ್ಲಿ. ಅಷ್ಟರಲ್ಲಿ ಮೂರು ಜಾತಿಯ ರಣಹದ್ದುಗಳು ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಅಳಿದಿದ್ದವು. ಕೊಳೆತ ಹೆಣಗಳು, ನಾಯಿ, ರೇಬೀಸ್, ಕಲುಷಿತ ನೀರು ಎಲ್ಲ ಸೇರಿ 2000ದಿಂದ 2005ರ ನಡುವೆ ಸುಮಾರು ಐದು ಲಕ್ಷ ಹೆಚ್ಚುವರಿ ಮನುಷ್ಯರ ಸಾವಿಗೆ ಇದು ಕಾರಣವಾಯಿತೆಂದು ಅರ್ಥಶಾಸ್ತ್ರಜ್ಞರಾದ ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ 2024ರಲ್ಲಿ ಅಂದಾಜಿಸಿದ್ದಾರೆ. ಗಾಳಿಯಂತ್ರ ಡೈಕ್ಲೊಫೆನಾಕ್ ಅಲ್ಲ, ಹೋಲಿಕೆ ಅಲ್ಲಿಗೆ ನಿಲ್ಲಬೇಕು. ಆದರೆ ಆ ಹತ್ತು ವರ್ಷದ ತಡವನ್ನು ಯಾರೂ ಮರೆಯಬಾರದು.

ದುಡ್ಡು ಎಷ್ಟು ಎಂಬುದಕ್ಕಿಂತ ಅದು ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ ಎಂಬುದು ದೊಡ್ಡ ಮಾತು. ಕಂಪನಿ ಸಲಹೆಗಾರನನ್ನು ನೇಮಿಸಿ, ವರದಿ ಬರೆಸಿ, ಬೀರುವಿನಲ್ಲಿಟ್ಟರೆ ಅದು ಸಂಶೋಧನೆಯಾಗದು. ಮುಂದಿನ ಕೆಲಸವೂ ತನಗೇ ಬರಲಿ ಎಂದು ಆಸೆಪಡುವವನು ಎಷ್ಟು ಹೆಣ ಕಾಣಬಲ್ಲ? 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ 2ನ್ನು ಸಾಮಾಜಿಕ ಹೊಣೆಗಾರಿಕೆಗೆ ಕೊಡಬೇಕು, ಆ ಪಟ್ಟಿಯಲ್ಲಿ ವನ್ಯಜೀವಿ ಸಂರಕ್ಷಣೆಯೂ ಇದೆ. ವಾಸ್ತವದಲ್ಲಿ ಅದು ಶಾಲೆಯ ಕಾಂಪೌಂಡು, ಶುದ್ಧ ನೀರಿನ ಘಟಕ, ಬೆಂಚುಗಳಾಗಿ ಇಳಿಯುತ್ತದೆ. ಅವೂ ಬೇಕು, ಬೇಡವೆನ್ನಲಾರೆ. ಆದರೆ ಯಂತ್ರದ ಪರಿಣಾಮ ಅಳೆಯುವುದು ದಾನದ ಬಾಬತ್ತಲ್ಲ, ವ್ಯವಹಾರದ ಖರ್ಚು. ಅಮೆರಿಕದಲ್ಲಿ 2008ರಲ್ಲಿ ಗಾಳಿ ವಿದ್ಯುತ್ ಕಂಪನಿಗಳೂ ವನ್ಯಜೀವಿ ಸಂಘಟನೆಗಳೂ ಸೇರಿ ಒಂದು ಸಂಸ್ಥೆ ಕಟ್ಟಿಕೊಂಡವು. ಕಂಪನಿಗಳು ಅದರ ಸಾಮಾನ್ಯ ನಿಧಿಗೆ ಹಣ ಹಾಕುತ್ತವೆ. ನಮ್ಮ ಒಂದು ಪೈಸೆಯೂ ಹಾಗೆ ರಾಜ್ಯಮಟ್ಟದ ಒಂದೇ ಹುಂಡಿಗೆ ಬೀಳಬೇಕು. ಯಾರಿಗೆ ಕೊಡಬೇಕೆಂದು ನಿರ್ಧರಿಸುವ ಸಮಿತಿಯಲ್ಲಿ ಕಂಪನಿಗೆ ಕುರ್ಚಿಯಿರಲಿ, ಬಹುಮತ ಬೇಡ. ಹಣ ಪಡೆದವರು ದತ್ತಾಂಶವನ್ನು ವರ್ಷದೊಳಗೆ ತೆರೆದಿಡಬೇಕು. ಈ ಕೊನೆಯ ಷರತ್ತಿಗೆ ವಿಜ್ಞಾನಿಗಳೂ ಮುಖ ಸಿಂಡರಿಸುತ್ತಾರೆ, ಗೊತ್ತಿದೆ.

ಕೆಲಸ ಮಾಡುವ ಕೈಗಳನ್ನು ಬೆಂಗಳೂರಿನಿಂದಲೇ ತರಬೇಕಿಲ್ಲ. ವಿಜಯಪುರದಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ, ಹಿಟ್ನಳ್ಳಿಯಲ್ಲಿ ಕೃಷಿ ಕಾಲೇಜಿದೆ. ಇಲಿ, ಮಿಡತೆ, ಹದ್ದುಗಳನ್ನು ಒಂದೇ ಹೊಲದಲ್ಲಿ ನೋಡಬಲ್ಲ ವಿದ್ಯಾರ್ಥಿನಿಗೆ ಎರಡು ವರ್ಷದ ಶಿಷ್ಯವೇತನ ಸಾಕು. ಅವಳಿಗೆ ಸಿಗಬಹುದಾದ ಒಂದು ಅನುಕೂಲವನ್ನು ನಾನು ಈಗಲೇ ಊಹಿಸಬಲ್ಲೆ. ಈ ಸೀಮೆಯ ಗಾಳಿ ಋತು ಜೂನಿನಿಂದ ಸೆಪ್ಟೆಂಬರ್, ಸಹ್ಯಾದ್ರಿ ದಾಟಿ ಬರುವ ಮುಂಗಾರಿನ ಗಾಳಿ. ವಲಸೆ ಬೇಟೆಹಕ್ಕಿಗಳು ಇರುವುದು ಅದು ಮುಗಿದ ಮೇಲೆ. ದೊಡ್ಡ ಹಕ್ಕಿಗಳು ಬಿಸಿಗಾಳಿಯ ಏರಿನಲ್ಲಿ ಮೇಲೇರುವುದು ನಡುಹಗಲಿನಲ್ಲಿ, ಪಾವಗಡದಂಥ ಸೌರಸ್ಥಾವರಗಳು ತುಂಬಿ ಹರಿಸುವ ಹೊತ್ತಿನಲ್ಲಿ. ಅಂದರೆ ಚಳಿಗಾಲದ ಮಧ್ಯಾಹ್ನ ಕೆಲವು ಯಂತ್ರಗಳನ್ನು ಆಗೀಗ ನಿಲ್ಲಿಸಿದರೆ ಗ್ರಿಡ್ಡಿಗೆ ಅದು ತಟ್ಟುವುದು ತೀರ ಕಡಿಮೆ. ವರ್ಷಪೂರ್ತಿ ಇಲ್ಲೇ ಇರುವ ಹದ್ದು ಗಿಡುಗಗಳಿಗೆ ಈ ಉಪಾಯ ಸಾಲದು, ಅವುಗಳ ಗೂಡು ಎಲ್ಲೆಲ್ಲಿವೆ ಎಂದು ಬೇರೆಯೇ ಪಟ್ಟಿ ಬೇಕು. ಯಂತ್ರದಿಂದ ಹೊರಡುವ ತಂತಿಗಳ ಲೆಕ್ಕವೂ ಅದೇ ಪುಸ್ತಕದಲ್ಲಿರಬೇಕು. ರಾಜಸ್ಥಾನದ ಥಾರ್‌ನ 4,200 ಚದರ ಕಿಲೋಮೀಟರ್‌ನಲ್ಲಿ ವಿದ್ಯುತ್ ತಂತಿಗಳಿಗೆ ವರ್ಷಕ್ಕೆ ಸುಮಾರು 84,000 ಹಕ್ಕಿಗಳು ಬಲಿ ಎಂದು ಭಾರತೀಯ ವನ್ಯಜೀವಿ ಸಂಸ್ಥೆ ಅಂದಾಜಿಸಿದೆ. ಅದರ ಮುಂದೆ ಬ್ಲೇಡಿನ ಲೆಕ್ಕ ಚಿಕ್ಕದಾಗಿ ಕಂಡರೂ ಆಶ್ಚರ್ಯವಿಲ್ಲ.

ಇದರಲ್ಲಿ ಯಾವುದನ್ನು ಮುಂದಕ್ಕೆ ಹಾಕಿದರೂ ಒಂದನ್ನು ಹಾಕಲಾಗದು. ಯಂತ್ರ ಬರುವ ಮೊದಲು ಅಲ್ಲಿ ಎಷ್ಟು ಹಕ್ಕಿಗಳಿದ್ದವು ಎಂಬುದನ್ನು ಯಂತ್ರ ಬಂದ ಮೇಲೆ ಅಳೆಯಲು ಬರುವುದಿಲ್ಲ. ಚಾಳಕೇವಾಡಿಯ ತಂಡಕ್ಕೂ ಇದ್ದ ಕೊರತೆ ಅದೇ, ಹಾಗಾಗಿ ಅವರು ಪಕ್ಕದ ಜಾಗದೊಂದಿಗೆ ಹೋಲಿಸಬೇಕಾಯಿತು. ಹಂಚಿಕೆ ಪತ್ರ ಕೈಗೆ ಬಂದ ದಿನದಿಂದ ಮೊದಲ ಯೂನಿಟ್ ಹರಿಯುವವರೆಗೆ ಜಮೀನು, ರಸ್ತೆ, ಅಡಿಪಾಯ, ತಂತಿ ಎಂದು ಒಂದೆರಡು ವರ್ಷವಾದರೂ ಹಿಡಿಯುತ್ತದೆ. ಅಷ್ಟರಲ್ಲಿ ಒಂದು ಪೂರ್ತಿ ಚಳಿಗಾಲವಂತೂ ಸಿಗುತ್ತದೆ. ರಾಜ್ಯದ ನವೀಕರಿಸಬಹುದಾದ ಇಂಧನ ನಿಗಮವಾದ ಕ್ರೆಡಲ್ ಕೊಡುವ ಆ ಹಂಚಿಕೆ ಪತ್ರದಲ್ಲಿ, ಗಾಳಿಯ ವೇಗ ಅಳೆಯುವ ಕಂಬದ ಷರತ್ತಿನ ಪಕ್ಕದಲ್ಲೇ, ಅಕ್ಟೋಬರಿನಿಂದ ಮಾರ್ಚಿನವರೆಗೆ ಹಕ್ಕಿ ಎಣಿಕೆಯ ಇನ್ನೊಂದು ಷರತ್ತು ಸೇರಿಸಲು ಹೊಸ ಕಾನೂನೇನೂ ಬೇಕಾಗಲಿಕ್ಕಿಲ್ಲ.